ಬರೀ ಅಪೆಂಡಿಕ್ಸ್ ತಾನೇ?

ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಆಪರೇಷನ್‌ನಲ್ಲಿ ತೆಗೆದದ್ದೆಲ್ಲ, ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದ ಡಬ್ಬಿಯಲ್ಲಿ ನಮ್ಮ ಟೇಬಲ್‌ಗೆ ಬರುತ್ತದೆ. ಅದನ್ನು ಕೊಯ್ದು ನೋಡಿ, ಸ್ಲೈಡ್ ಮಾಡಲು ಬೇಕಾದ ತುಂಡು ಆರಿಸಿ ಕ್ಯಾಸೆಟ್ ಅನ್ನುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕುವ ಕೆಲಸಕ್ಕೆ ಗ್ರಾಸಿಂಗ್ ಅನ್ನುತ್ತೇವೆ. ಹೊಸಬರ ಕೈಗೆ ಮೊದಲು ಕೊಡುವುದು ಅಪೆಂಡಿಕ್ಸ್. ಕಿರುಬೆರಳಿನ ಗಾತ್ರ, ತಪ್ಪಾಗುವುದಾದರೂ ಏನು ಅಂತ. ತುದಿಯಿಂದ ಒಂದು ಉದ್ದ ಸೀಳು, ನಡುವಿನಿಂದ ಒಂದು ಬಿಲ್ಲೆ, ಬುಡದಿಂದ ಒಂದು ಬಿಲ್ಲೆ. ಐದು ನಿಮಿಷದ ಕೆಲಸ.

ಸೇರಿದ ಎರಡನೇ ವರ್ಷದ ಮಾತು. ವಯಸ್ಸು ನಲವತ್ತು ದಾಟಿದವರ ಅಪೆಂಡಿಕ್ಸ್ ಬಂತು. ಊದಿಕೊಂಡಿತ್ತು, ಮೇಲೆಲ್ಲ ಕೀವು ಮೆತ್ತಿತ್ತು. ಗಡ್ಡೆ ಏನೂ ಕಾಣಲಿಲ್ಲ, ನಡುವೆ ಗೋಡೆ ಸ್ವಲ್ಪ ದಪ್ಪ ಅನಿಸಿತು ಅಷ್ಟೇ. ಊತಕ್ಕೆ ಹಾಗಾಗಿದೆ ಅಂದುಕೊಂಡೆ. ಮರುದಿನ ಸ್ಲೈಡ್ ನೋಡಿದರೆ ತುಂಬಾ ಕೀವಿನ ಕಣಗಳು. ಅಕ್ಯೂಟ್ ಅಪೆಂಡಿಸೈಟಿಸ್ ಅಂತ ಬರೆದು ಮೇಡಂ ಸಹಿಗೆ ಇಟ್ಟೆ.

ಮಧ್ಯಾಹ್ನ ಕರೆದರು. ಮೈಕ್ರೋಸ್ಕೋಪಿನಲ್ಲಿ ನಡುವಿನ ಬಿಲ್ಲೆಯ ಸ್ಲೈಡ್ ಇತ್ತು.

"ಇದೇನು ಹೇಳು."

"ಕೀವು, ಮೇಡಂ."

"ಕೀವು ಬಿಡು. ಅದರ ಕೆಳಗೆ, ಸ್ನಾಯುವಿನೊಳಗೆ?"

ಆಗ ಕಂಡಿತು. ಸ್ನಾಯುವಿನ ಎಳೆಗಳ ನಡುವೆ ನಾಲ್ಕು, ಐದು ಕೋಶಗಳ ಸಣ್ಣ ಸಣ್ಣ ಗುಂಪು. ಪ್ರತಿ ಕೋಶದ ಹೊಟ್ಟೆ ತುಂಬಾ ಲೋಳೆ, ನ್ಯೂಕ್ಲಿಯಸ್ ಒಂದು ಮೂಲೆಗೆ ಒತ್ತಿಕೊಂಡಿತ್ತು. ಗಾಬ್ಲೆಟ್ ಸೆಲ್ ಅಡಿನೋಕಾರ್ಸಿನೋಮ, ಅಪೆಂಡಿಕ್ಸ್‌ನ ಒಂದು ಬಗೆಯ ಕ್ಯಾನ್ಸರ್. ನಾನು ಆ ಸ್ಲೈಡ್ ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ. ಕೀವು ಸಿಕ್ಕಿದ ಕೂಡಲೇ ಉತ್ತರ ಸಿಕ್ಕಿತು ಅಂತ ಕಣ್ಣು ಮುಂದಕ್ಕೆ ಹೋಗಿಬಿಟ್ಟಿತ್ತು. ವಿಚಿತ್ರ ಏನೆಂದರೆ ಕೀವು ಇದ್ದದ್ದೂ ಸುಳ್ಳಲ್ಲ. ಒಳಗಿನ ಗಡ್ಡೆ ದಾರಿ ಮುಚ್ಚಿದರೆ ಅಪೆಂಡಿಸೈಟಿಸ್ ಆಗುವುದು ಸಹಜ. ಅಪೆಂಡಿಕ್ಸ್ ಕ್ಯಾನ್ಸರ್ ಬಹಳ ಸಲ ಗೊತ್ತಾಗುವುದೇ ಹೀಗೆ, ಆಪರೇಷನ್ ಎಲ್ಲ ಮುಗಿದ ಮೇಲೆ ನಮ್ಮ ಟೇಬಲ್ ಮೇಲೆ. ತೆಗೆದ ನೂರು ಅಪೆಂಡಿಕ್ಸ್‌ನಲ್ಲಿ ಹೆಚ್ಚುಕಮ್ಮಿ ಒಂದರಲ್ಲಿ ಯಾವುದೋ ಒಂದು ಬಗೆಯ ಗಡ್ಡೆ ಇರುತ್ತದೆ.

ಈ ಗಾಬ್ಲೆಟ್ ಬಗೆ ಮಹಾ ಕಳ್ಳ. ಉಂಡೆ ಕಟ್ಟುವುದಿಲ್ಲ. ಬೇರಿನ ಹಾಗೆ ಗೋಡೆಯ ಸುತ್ತ ಹರಡುತ್ತದೆ, ಒಳಪದರ ಮಾತ್ರ ಚೆನ್ನಾಗಿಯೇ ಇದ್ದಂತೆ ಕಾಣುತ್ತದೆ. ಹಿಂದೆ ಇದಕ್ಕೆ ಗಾಬ್ಲೆಟ್ ಸೆಲ್ ಕಾರ್ಸಿನಾಯ್ಡ್ ಅನ್ನುತ್ತಿದ್ದರು. ಕಾರ್ಸಿನಾಯ್ಡ್ ಅಂದರೆ ನಿಧಾನವಾಗಿ ಬೆಳೆಯುವ ಸಾಧು ಗಡ್ಡೆ ಅನ್ನುವ ಭಾವನೆ ಬರುತ್ತದೆ, ಇದು ಅಷ್ಟು ಸಾಧು ಅಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಹೆಸರನ್ನೇ ಬದಲಿಸಿತು. ಒಳ್ಳೇದೇ ಆಯಿತು.

ಡಬ್ಬಿಯಲ್ಲಿ ಉಳಿದಿದ್ದ ಅಪೆಂಡಿಕ್ಸ್ ಪೂರ್ತಿ ಕೊಯ್ದು ಹಾಕಿದೆ. ಬುಡದ ಅಂಚಿನವರೆಗೂ ಅದೇ ಕೋಶಗಳು. ಸರ್ಜನ್‌ಗೆ ಫೋನ್ ಮಾಡಿದ್ದು ಮೇಡಂ, ನಾನು ಪಕ್ಕದಲ್ಲಿ ಸುಮ್ನೆ ನಿಂತಿದ್ದೆ. ಆಮೇಲೆ ಆ ರೋಗಿಗೆ ದೊಡ್ಡ ಕರುಳಿನ ಬಲಭಾಗ ತೆಗೆಯುವ ಆಪರೇಷನ್ ಆಯಿತು. ಆ ಸ್ಪೆಸಿಮನ್ ಕೂಡ ನನಗೇ ಬಂತು. ಕೊಬ್ಬಿನಲ್ಲಿ ಬೆರಳಾಡಿಸಿ ಕ್ಯಾನ್ಸರ್ ಹರಡಬಹುದಾದ ಸಣ್ಣ ಗಂಟುಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ಒಂದೊಂದಾಗಿ ಹುಡುಕುತ್ತಾ ಅರ್ಧ ದಿನ ಕೂತೆ. ಯಾವುದರಲ್ಲೂ ರೋಗ ಇರಲಿಲ್ಲ.

ಎಲ್ಲ ಬಗೆಯೂ ಒಂದೇ ಅಲ್ಲ, ಇದನ್ನು ಹೇಳಲೇಬೇಕು. ರಿಪೋರ್ಟ್‌ನಲ್ಲಿ ಟ್ಯೂಮರ್ ಅಂತ ಓದಿದ ಕೂಡಲೇ ಜನ ಕುಸಿದು ಹೋಗುತ್ತಾರೆ. ಹಾರ್ಮೋನ್ ತಯಾರಿಸುವ ಬಗೆಯ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಟ್ಯೂಮರ್ ಹೆಚ್ಚಾಗಿ ತುದಿಯಲ್ಲೇ ಇರುತ್ತದೆ. ತುದಿಯನ್ನು ಉದ್ದಕ್ಕೆ ಸೀಳುವುದು ಅದಕ್ಕೇ. ಫಾರ್ಮಲಿನ್‌ನಲ್ಲಿ ನೆನೆದ ಮೇಲೆ ಹಳದಿ ಬಟಾಣಿಯ ಹಾಗೆ ಕಾಣುತ್ತದೆ. 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ಪೂರ್ತಿ ಹೊರಬಂದಿದ್ದರೆ, ಅಪೆಂಡಿಕ್ಸ್ ತೆಗೆದದ್ದೇ ಸಾಮಾನ್ಯವಾಗಿ ಚಿಕಿತ್ಸೆ. 2 ಸೆಂ.ಮೀ. ದಾಟಿದರೆ ದೊಡ್ಡ ಆಪರೇಷನ್ ಮಾತು ಬರುತ್ತದೆ. ನಡುವಿನದ್ದೇ ತಲೆನೋವು. ಬುಡದಲ್ಲಿದೆಯಾ, ಪಕ್ಕದ ಕೊಬ್ಬಿಗೆ ಎಷ್ಟು ಇಳಿದಿದೆ, ರಕ್ತನಾಳಕ್ಕೆ ಹೊಕ್ಕಿದೆಯಾ, ಎಲ್ಲ ನೋಡಬೇಕು.

ನನಗೆ ಜಾಸ್ತಿ ಭಯ ಲೋಳೆ ತುಂಬಿದ ಅಪೆಂಡಿಕ್ಸ್ ಕಂಡರೆ. ಬಲೂನಿನ ಹಾಗೆ ಉಬ್ಬಿರುತ್ತದೆ. ಚಾಕು ಹಾಕಿದರೆ ಜೆಲ್ಲಿ ಅಲಗಿಗೇ ಅಂಟಿಕೊಂಡು ಬರುತ್ತದೆ. ಅದೇ ಚಾಕುವಿನಿಂದ ಹೊರಮೈ ಮುಟ್ಟಿದರೆ ಮುಗಿಯಿತು. ಸ್ಲೈಡಿನಲ್ಲಿ ಕಂಡ ಲೋಳೆ ರೋಗಿಯ ಹೊಟ್ಟೆಯಲ್ಲೇ ಹೊರಬಂದಿತ್ತಾ, ನಾನು ಸವರಿದ್ದಾ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಹೊರಮೈಗೆ ಇಂಕ್, ಪ್ರತಿ ಸೀಳಿಗೂ ಅಲಗು ಒರೆಸುವುದು. ಅತಿ ಅನಿಸಬಹುದು, ಆದರೆ ಇಡೀ ಚಿಕಿತ್ಸೆ ಆ ಒಂದು ಮಾತಿನ ಮೇಲೆ ನಿಲ್ಲುತ್ತದೆ. ಒಳಗೇ ಇದ್ದ ಕಡಿಮೆ ದರ್ಜೆಯ, ಅಂದರೆ ನಿಧಾನವಾಗಿ ಬೆಳೆಯುವ, ಗಡ್ಡೆಯಾದರೆ ಅಪೆಂಡಿಕ್ಸ್ ತೆಗೆದರೆ ಸಾಮಾನ್ಯವಾಗಿ ಸಾಕು. ಒಡೆದು ಕೋಶಗಳು ಹೊಟ್ಟೆಗೆ ಚೆಲ್ಲಿದರೆ ವರ್ಷಗಟ್ಟಲೆ ಸದ್ದಿಲ್ಲದೆ ಲೋಳೆ ತುಂಬುತ್ತಾ ಹೋಗಬಹುದು. ಸ್ಯೂಡೋಮಿಕ್ಸೋಮ ಪೆರಿಟೊನಿ ಅನ್ನುವುದು ಇದಕ್ಕೇ. ಕೆಲವರು ಹೊಟ್ಟೆ ದಪ್ಪ ಆಗುತ್ತಿದೆ, ಪ್ಯಾಂಟ್ ಬಿಗಿಯಾಗುತ್ತಿದೆ ಅಂತ ಬರುತ್ತಾರೆ. ಕೆಲವರು ಹರ್ನಿಯಾ ಅಂತ ಬರುತ್ತಾರೆ. ಹೆಂಗಸರಲ್ಲಿ ಅಂಡಾಶಯದ ಗಡ್ಡೆ ಅಂತ ತೆಗೆದು ಕಳಿಸಿರುತ್ತಾರೆ, ಮೂಲ ನೋಡಿದರೆ ಅಪೆಂಡಿಕ್ಸ್.

ಅದಕ್ಕೆ ಹೊಟ್ಟೆಯೊಳಗೆ ಕಾಣುವ ರೋಗವನ್ನೆಲ್ಲ ಕೆರೆದು ತೆಗೆದು, 41–43 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದ ಕೀಮೋ ಔಷಧಿಯನ್ನು ಹೊಟ್ಟೆಯಲ್ಲೇ ಸುತ್ತಾಡಿಸುತ್ತಾರೆ. ಹೈಪೆಕ್ ಅನ್ನುತ್ತಾರೆ. ಇಡೀ ದಿನ ಹಿಡಿಯುವ ಆಪರೇಷನ್. ಕಡಿಮೆ ದರ್ಜೆಯದಾಗಿದ್ದು ಪೂರ್ತಿ ತೆಗೆಯಲು ಆದರೆ ಹತ್ತು ವರ್ಷ ದಾಟಿದವರು ಎಷ್ಟೋ ಜನ ಇದ್ದಾರೆ. ಲೋಳೆ ತುಂಬಿ ಮುದ್ರೆಯುಂಗುರದ ಹಾಗೆ ಕಾಣುವ ಸಿಗ್ನೆಟ್ ರಿಂಗ್ ಕ್ಯಾನ್ಸರ್ ಕೋಶಗಳಿದ್ದರೆ ಕಥೆ ಬೇರೆ, ಅಲ್ಲಿ ಫಲಿತಾಂಶ ಚೆನ್ನಾಗಿರುವುದಿಲ್ಲ.

ವಯಸ್ಸಿನ ಬಗ್ಗೆ ಒಂದು ಮಾತು. ಅಪೆಂಡಿಕ್ಸ್ ಸುತ್ತ ಕೀವುಗಟ್ಟಿ, ಮೊದಲು ಆಂಟಿಬಯಾಟಿಕ್‌ನಲ್ಲಿ ಗುಣವಾದವರಿಗೆ ಆಮೇಲೆ ಆಪರೇಷನ್ ಬೇಕಾ ಬೇಡವಾ ಅಂತ ಫಿನ್ಲೆಂಡ್‌ನಲ್ಲಿ ಅಧ್ಯಯನ ಮಾಡಿದರು. 60 ಜನರಲ್ಲಿ 12 ಜನಕ್ಕೆ ಗಡ್ಡೆ ಸಿಕ್ಕಿತು, ಎಲ್ಲರೂ 40 ದಾಟಿದವರೇ. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದರು. 2019ರಲ್ಲಿ ಪ್ರಕಟವಾದದ್ದು. ಅದನ್ನು ಓದುವಾಗ ನನ್ನ ಆ ಕೇಸ್ ನೆನಪಾಯಿತು. ಫಾರ್ಮಿನಲ್ಲಿ ವಯಸ್ಸು ಬರೆದಿತ್ತು, ನಾನು ಓದಿರಲಿಲ್ಲ.

ಈಗ ಡಬ್ಬಿ ತೆರೆಯುವ ಮೊದಲು ಫಾರ್ಮ್ ಓದುತ್ತೇನೆ. ಗೋಡೆ ದಪ್ಪ ಅನಿಸಿದರೆ, ಲೋಳೆ ಕಂಡರೆ, ಪೂರ್ತಿ ಹಾಕುತ್ತೇನೆ. ಮೊನ್ನೆ ಒಂದೇ ಅಪೆಂಡಿಕ್ಸ್‌ಗೆ ಹನ್ನೊಂದು ಕ್ಯಾಸೆಟ್ ಆಯಿತು. ಟೆಕ್ನೀಷಿಯನ್ ಎಣಿಸಿ, "ಬರೀ ಅಪೆಂಡಿಕ್ಸ್ ತಾನೇ ಡಾಕ್ಟ್ರೇ?" ಅಂದರು. ಫಾರ್ಮ್ ಅವರ ಕಡೆ ತಿರುಗಿಸಿ, ವಯಸ್ಸಿನ ಜಾಗದಲ್ಲಿ ಬೆರಳಿಟ್ಟೆ.