ಎಲ್ಲಾರ್ಗೂ ಒಂದ ಪಾಸ್‌ವರ್ಡ್ ಅಂದ್ರ ಹೆಂಗ್ರಿ

ಕಪನೂರ ಕಡಿ ಒಂದು ದಾಲ್ ಮಿಲ್‌ದಾಗ ಬಿಲ್ಲಿಂಗ್ ಸರ್ವರ್ ಸೆಟ್ ಮಾಡ್ಲಾಕತ್ತೀನ್ರಿ, ಸಾವ್ಕಾರ್ರು ಬಾಜೂಕ ಚಾ ಹಿಡ್ಕೊಂಡು ಕುಂತು "ಎಲ್ಲಾ ನಮ್ ಮಂದೀನೇ ಅದಾರ, ಒಂದ ಪಾಸ್‌ವರ್ಡ್ ಸಾಕಲ್ಲೇನೋ ತಮ್ಮಾ" ಅಂದ್ರು. "ಹಮಾಲ ಎಷ್ಟ ಛಲೋ ಮನಷ್ಯಾ ಇದ್ರೂ ಗಲ್ಲಾದ ಚಾವಿ ಕೊಡ್ತೀರೇನ್ರಿ?" ಅಂತ ಕೇಳ್ದೆ, ನಕ್ಕರು.

ಸರ್ವರ್ ನಡಸೋ ಲಿನಕ್ಸ್‌ದಾಗ ರೂಟ್ ಅಂದ್ರ ಎಲ್ಲಾರ್ಗಿಂತ ದೊಡ್ಡ ಯೂಸರ್, ಅದರ ನಂಬರ್ (ಯುಐಡಿ) 0, ಫೈಲ್ ಪರ್ಮಿಷನ್ ಗಿರ್ಮಿಷನ್ ಏನೂ ಅದಕ್ಕ ಅಡ್ಡ ಬರಂಗಿಲ್ಲ. ಅದ್ಕ ನೋಡ್ರಿ, ವೆಬ್ ಸರ್ವರ್ ಎಂಜಿನ್‌ಎಕ್ಸ್ 80ನೇ ಪೋರ್ಟ್ (ವೆಬ್ ರಿಕ್ವೆಸ್ಟ್ ಬರೋ ಬಾಗಲಾ) ಹಿಡೀಲಾಕ ರೂಟ್ ಆಗಿ ಶುರು ಆದ್ರೂ ಹೊರಗಿನ ರಿಕ್ವೆಸ್ಟ್ ನೋಡೋ ವರ್ಕರ್ ಪ್ರೊಸೆಸ್‌ಗಳ್ನ ಉಬುಂಟು ಲಿನಕ್ಸ್‌ದಾಗ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನೋ ಬಡಪಾಯಿ ಯೂಸರ್ ಹೆಸರ್ಲೆ ಓಡಸ್ತದ. ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಅಂತೂ ಭಾಳ ಹಟಮಾರಿ, ರೂಟ್‌ಲೆ ಸ್ಟಾರ್ಟ್ ಮಾಡ್ತೀನಂದ್ರ ಆಗಂಗೇ ಇಲ್ಲ. (ಈ ಹಟ ನನಗ ಸೇರ್ತದ.) ಬ್ಯಾಕಪ್‌ಗೆ ಬ್ಯಾರೆ ಯೂಸರ್, ಅದಕ್ಕ ಡೇಟಾಬೇಸ್ ಬರೇ ಓದೋ ಹಕ್ಕು, ಸಾಫ್ಟ್‌ವೇರ್ ಓಡಸೋ ಸರ್ವಿಸ್ ಯೂಸರ್‌ಗೆ ಶೆಲ್ ನೋಲಾಗಿನ್, ಅಂದ್ರ ಆ ಹೆಸರ್ಲೆ ಯಾರೂ ಲಾಗಿನ್ ಆಗಂಗಿಲ್ಲ. ಮನಷ್ಯಾರಿಗೆ ಅವರವರ ಹೆಸರಿನ ಅಕೌಂಟ್, ಬೇಕಂದ್ರ ಸುಡೊ (ಆ ಕಮಾಂಡ್‌ನ ಪೂರ್ತಿ ರೂಟ್ ಹಕ್ಕು), ಅದರ್ಲೆ ಯಾರು ಯಾವ ಕಮಾಂಡ್ ಹೊಡೆದ್ರು ಅಂತ ಆತ್ ಲಾಗ್ ಅನ್ನೋ ದಾಖಲೆದಾಗ ಹೆಸರ್ ಸಮೇತ ಬೀಳ್ತದ.

ಒಂದ ಪಾಸ್‌ವರ್ಡ್ ಎಲ್ಲಾರ ಕೈಯಾಗ ಇದ್ದಾಗ ಏನರೆ ಡಿಲೀಟ್ ಆತಂದ್ರ ಮೊದಲ ಬೈಸ್ಕೊಳ್ಳೋದು ಯಾರು? ಹೊಸದಾಗಿ ಸೇರಿದ್ ಹುಡುಗ. ಅಂವ ಮುಟ್ಟೇ ಇಲ್ಲಂತ ತೋರ್ಸಲಾಕ ಏನಿರ್ತದ ಪಾಪ, ಬ್ಯಾರೆ ಅಕೌಂಟ್ ಇದ್ರ ಅವನಿಗೇ ಜಾಸ್ತಿ ಆಸರ ಅಂತ ಅನಸ್ತು ನನಗ.

ಈಗ ಲೆಕ್ಕ ಬರಿಯೋ ಕಾಕಾರಿಗೆ ಹೊಸ ಪಾಸ್‌ವರ್ಡ್ ಬಾಯಿಪಾಠ ಮಾಡ್ಸಲಾಕತ್ತೀನಿ, ಮಾನಿಟರ್‌ಗೆ ಚೀಟಿ ಮಾತ್ರ ಹಚ್ಚಬ್ಯಾಡ್ರಿ ಅಂದೀನಿ.