ಯಾರು ಹೇಳಿದ್ದು ಅಂತ ಅದನ್ನೂ ಬರೀರಿ

"ಹೊಟ್ಟಿ ಉಬ್ಬಿದ ದನಕ್ಕ ಟರ್ಪಂಟೈನ್ 60 ಎಂಎಲ್ ಕುಡಸ್ರಿ, ಅರ್ಧ ತಾಸಿನಾಗ ಇಳಿತೈತಿ."

ದನ ಸಾಕುವವರ ಮೊಬೈಲ್ ಗುಂಪಿನಲ್ಲಿ ಓಡಾಡುವ ಮೆಸೇಜು ಇಷ್ಟೇ. ಯಾರು ಹೇಳಿದ್ದು, ಯಾವ ದನಕ್ಕೆ, ಯಾವ ಟರ್ಪಂಟೈನ್, ಒಂದೂ ಇಲ್ಲ. ಇದು ಪೂರ್ತಿ ಸುಳ್ಳಾಗಿದ್ದರೆ ಬೈದು ಅಳಿಸಿಬಿಡಬಹುದಿತ್ತು. ಆದರೆ ಇದು ಅರ್ಧ ಖರೆ. ಹಳೆಯ ಪಶುವೈದ್ಯ ಪುಸ್ತಕಗಳಲ್ಲಿ ಟರ್ಪಂಟೈನ್ ಎಣ್ಣೆ ಇದೆ. ಬೆಳೆದ ದನಕ್ಕೆ 30ರಿಂದ 60 ಎಂಎಲ್, ಅದೂ ಅರ್ಧ ಲೀಟರ್ ಅಗಸಿ ಎಣ್ಣೆಯಲ್ಲೋ ಶೇಂಗಾ ಎಣ್ಣೆಯಲ್ಲೋ ಕಲಸಿ. ಕೈಯಿಂದ ಕೈಗೆ ಹೋಗುವಾಗ ಎಣ್ಣೆ ಎಲ್ಲೋ ಸೋರಿಹೋಯಿತು, "ಬೆಳೆದ ದನ" ಅನ್ನುವುದೂ ಹೋಯಿತು. ಎಣ್ಣೆ ಇಲ್ಲದ ಟರ್ಪಂಟೈನ್ ಬಾಯಿ, ಗಂಟಲು, ಹೊಟ್ಟೆಯ ಒಳಪದರವನ್ನು ಸುಡುತ್ತದೆ. ಅದೇ 60 ಎಂಎಲ್ ಕರುವಿಗೆ ಹಾಕಿದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಮಾತು: ಆ ಪುಸ್ತಕದ ಟರ್ಪಂಟೈನ್ ಪೈನ್ ಮರದ ಅಂಟಿನಿಂದ ಇಳಿಸಿದ್ದು. ಇವತ್ತು ಬಣ್ಣದ ಅಂಗಡಿಯಲ್ಲಿ ಟರ್ಪಂಟೈನ್ ಅಂತ ಕೊಡುವುದು ಬಹುಮಟ್ಟಿಗೆ ಪೆಟ್ರೋಲಿಯಂನಿಂದ ಬಂದದ್ದು. ಹೆಸರು ಅದೇ ಉಳಿಯಿತು, ಸಾಮಾನು ಬದಲಾಯಿತು. ಸಲಹೆ ಯಾವ ಕಾಲದ್ದು ಅಂತ ಗೊತ್ತಿಲ್ಲದಿದ್ದರೆ ಇದು ಹೊಳೆಯುವುದೇ ಇಲ್ಲ.

(ಉಬ್ಬರ ಬಂದಾಗ ಮಾಡಬೇಕಾದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕುದುರೆ ಮಸಾಲೆ ಸೊಪ್ಪು, ಹಸಿ ಅಲಸಂದಿ ತಿಂದು ನೊರೆ ಕಟ್ಟಿದ ಉಬ್ಬರವಾದರೆ ಬೆಳೆದ ದನಕ್ಕೆ 250ರಿಂದ 500 ಎಂಎಲ್ ಅಡುಗೆ ಎಣ್ಣೆ ಸಾಕು, ಟರ್ಪಂಟೈನ್ ಬೇಡ. ನೊರೆ ಒಡೆಯುವುದು ಎಣ್ಣೆಯೇ. ಗೊಟ್ಟ (ಬಾಯಿಗೆ ಔಷಧ ಸುರಿಯುವ ಕೊಳವೆ) ಹಾಕುವಾಗ ಮುಖವನ್ನು ಬೆನ್ನಿನ ಮಟ್ಟಕ್ಕಿಂತ ಮೇಲೆ ಎತ್ತಬೇಡಿ, ನಾಲಿಗೆ ಹೊರಗೆ ಎಳೆಯಬೇಡಿ, ಕೆಮ್ಮಿದರೆ ಕೂಡಲೇ ಬಿಡಿ. ಇಲ್ಲದಿದ್ದರೆ ಎಣ್ಣೆ ಪುಪ್ಪುಸಕ್ಕೆ ಹೋಗುತ್ತದೆ, ಉಬ್ಬರದಿಂದ ಉಳಿದ ದನ ನ್ಯುಮೋನಿಯಾದಿಂದ ಸಾಯುತ್ತದೆ. ದನ ಮಲಗಿಬಿಟ್ಟಿದ್ದರೆ, ನುಂಗಲಾರದೆ ಇದ್ದರೆ ಬಾಯಿಗೆ ಏನೂ ಹಾಕದೆ ಪಶುವೈದ್ಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.)

ಕನ್ನಡದಲ್ಲಿ "ಅಂತೆ" ಅನ್ನುವ ಒಂದು ಸಣ್ಣ ಶಬ್ದ ಇದೆ. ನಮ್ಮ ಕಡೆ ಬಾಯಿಮಾತಿನಲ್ಲಿ ಅದು ಕ್ರಿಯಾಪದಕ್ಕೆ ಅಂಟಿಕೊಂಡು ಬರುತ್ತದೆ: "ಇಳಿತೈತಂತ", "ಕೊಡಬೇಕಂತ". ನಾನು ಮಾಡಿ ನೋಡಿಲ್ಲ, ಯಾರೋ ಹೇಳಿದ್ದು ಅನ್ನುವ ಇಡೀ ಕಥೆ ಆ ಒಂದು ಶಬ್ದದಲ್ಲಿದೆ. ಕಟ್ಟೆಯ ಮೇಲೆ ಕೂತು ಮಾತಾಡುವಾಗ ಯಾರೂ ಅದನ್ನು ಬಿಡುವುದಿಲ್ಲ. ಮೊಬೈಲಿನಲ್ಲಿ ಬೆರಳಾಡಿಸುವಾಗ ಮೊದಲು ಬೀಳುವುದೇ ಅದು. "ಇಳಿತೈತಂತ" ಹೋಗಿ "ಇಳಿತೈತಿ" ಆದ ಗಳಿಗೆಗೆ ಕೇಳಿದ ಮಾತು ಕಂಡ ಮಾತಾಗುತ್ತದೆ. ಆದ್ದರಿಂದ ಸಲಹೆ ಮುಂದೆ ಕಳಿಸುವವರು ಕೇಳಿದ್ದೋ, ಓದಿದ್ದೋ, ಮಾಡಿ ನೋಡಿದ್ದೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಹಾಕಲಿ. ಮಾಡಿ ನೋಡಿದ್ದಾದರೆ ಎಷ್ಟು ದನಕ್ಕೆ ಮಾಡಿದ್ದು ಅಂತಲೂ ಇರಲಿ. ಒಂದು ಆಕಳು ಗುಣವಾಗಿದ್ದಕ್ಕೂ ಹತ್ತು ಆಕಳು ಗುಣವಾಗಿದ್ದಕ್ಕೂ ವ್ಯತ್ಯಾಸ ಇದೆ. ಎಷ್ಟೋ ಬೇನೆ ಔಷಧ ಹಾಕದಿದ್ದರೂ ನಾಲ್ಕು ದಿನಕ್ಕೆ ತಾನೇ ಇಳಿಯುತ್ತದೆ.

ಹೇಳಿದವರ ಹೆಸರು ಹಾಕುವುದು ಮರ್ಯಾದೆಯ ಪ್ರಶ್ನೆ ಅಂತ ಬಹಳ ಜನ ತಿಳಿದಿದ್ದಾರೆ. ಮರ್ಯಾದೆ ಇದ್ದೇ ಇದೆ. ಆದರೆ ಹೆಸರು ಅಂದರೆ ಸಂಶಯ ಬಂದರೆ ತಿರುಗಿ ಹೋಗಿ ಕೇಳುವ ಮನೆಯ ವಿಳಾಸ. ಕೆಚ್ಚಲು ಬಾವಿನ ಲೇಪವನ್ನೇ ನೋಡಿ.

ಲೋಳೆಸರ 250 ಗ್ರಾಂ, ಅರಿಶಿಣ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಈ ಲೇಪ ಎಲ್ಲರಿಗೂ ಗೊತ್ತು, ಎಲ್ಲಿಂದ ಬಂತು ಅನ್ನುವುದು ಮಾತ್ರ ಕೆಲವರಿಗಷ್ಟೇ ಗೊತ್ತು. ತಮಿಳುನಾಡಿನ ಪಶುವೈದ್ಯ ವಿಜ್ಞಾನಿ ಪ್ರೊ. ಎನ್. ಪುಣ್ಯಮೂರ್ತಿ ಅವರು ನಾಟಿ ಪಶುಚಿಕಿತ್ಸೆಯ ಮೇಲೆ ಮಾಡಿದ ಕೆಲಸದಿಂದ ಬಂದದ್ದು ಇದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಇದನ್ನು ಹಾಲು ಉತ್ಪಾದಕರಿಗೆ ಮುಟ್ಟಿಸಿತು. ಈ ಒಂದು ಸಾಲು ಇದ್ದರೆ "ಸುಣ್ಣ 150 ಗ್ರಾಂ" ಅಂತ ಯಾರಾದರೂ ತಪ್ಪಿ ಬರೆದಾಗ ಮಂಡಳಿಯ ಕರಪತ್ರ ತೆಗೆದು ತಾಳೆ ನೋಡಬಹುದು. ಇಲ್ಲದಿದ್ದರೆ ಹದಿನೈದು ಸರಿಯೋ ನೂರೈವತ್ತು ಸರಿಯೋ ಅನ್ನುವ ಜಗಳಕ್ಕೆ ಪಂಚರೇ ಇಲ್ಲ. ಕೆಚ್ಚಲಿನ ಚರ್ಮ ತೆಳು, ಸುಣ್ಣ ಹೆಚ್ಚಾದರೆ ಸುಡುತ್ತದೆ.

ಲೇಪ ಮಾಡುವ ಹಂತದಲ್ಲೂ ಮಾತು ಕಳೆದುಹೋಗುತ್ತದೆ. ಲೋಳೆಸರದ ಅಂಚಿನ ಮುಳ್ಳು ತೆಗೆದು, ಸಿಪ್ಪೆ ಸಮೇತ ಹೆಚ್ಚಿ, ಮಿಕ್ಸರಿಗೆ ಹಾಕುವುದು. ನೀರು ಹಾಕುವುದಿಲ್ಲ, ಲೋಳೆಯೇ ಸಾಕು. ಅರಿಶಿಣ, ಎಲೆಗೆ ಹಚ್ಚುವ ಸುಣ್ಣ ಹಾಕಿ ತಿರುಗಿಸಿದರೆ ಹಳದಿ ಹೋಗಿ ಇಟ್ಟಂಗಿಯಂಥ ಕೆಂಪು ಬರಬೇಕು. ಅರಿಶಿಣಕ್ಕೆ ಸುಣ್ಣದ ಕ್ಷಾರ ತಾಗಿದರೆ ಮಾತ್ರ ಆ ಬಣ್ಣ. ಹಳದಿಯಾಗಿಯೇ ಉಳಿದರೆ ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದೆ, ಇಲ್ಲವೇ ಕಡಿಮೆ ಬಿದ್ದಿದೆ. "ಕೆಂಪಗ ಬರಬೇಕು" ಅನ್ನುವ ಎರಡು ಶಬ್ದ ಮೆಸೇಜಿನಲ್ಲಿದ್ದರೆ ತಕ್ಕಡಿ ಇಲ್ಲದ ಮನೆಯಲ್ಲೂ ತಪ್ಪು ಹಿಡಿಯಬಹುದು. ಹೀಗೆ ಕಣ್ಣಿಗೆ ಕಾಣುವ ಗುರುತನ್ನೇ ಜನ ಮೊದಲು ಬಿಡುವುದು, ತೂಕ ಮಾತ್ರ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಉಲ್ಟಾ ಆಗಬೇಕು.

ಆಮೇಲೆ ಹಚ್ಚುವ ಕ್ರಮ. ಹಾಲು ಪೂರ್ತಿ ಹಿಂಡಿ ತೆಗೆದು, ಕೆಚ್ಚಲು ತೊಳೆದು, ಒಂದು ಹಿಡಿ ಲೇಪವನ್ನು 150ರಿಂದ 200 ಎಂಎಲ್ ನೀರಿನಲ್ಲಿ ಕದಡಿ ಇಡೀ ಕೆಚ್ಚಲಿಗೆ ಸವರಬೇಕು. ಬಾವು ಬಂದ ಮೊಲೆಗೆ ಮಾತ್ರ ಅಲ್ಲ. ದಿನಕ್ಕೆ ಎಂಟು ಹತ್ತು ಸಲ, ಐದು ದಿನ. "ಮುಂಜಾನೆ ಸಂಜಿ ಹಚ್ಚಿದ್ವಿ, ಏನೂ ಆಗ್ಲಿಲ್ರಿ" ಅನ್ನುವವರ ದೂರು ಲೇಪದ ಮೇಲಲ್ಲ, ಹತ್ತನ್ನು ಎರಡು ಮಾಡಿ ಕಳಿಸಿದವರ ಮೇಲೆ ಇರಬೇಕು. ಜ್ವರ ಬಂದು ಮೇವು ಬಿಟ್ಟಿದ್ದರೆ, ಕೆಚ್ಚಲು ತಣ್ಣಗಾಗಿ ನೀಲಿ ತಿರುಗಿದ್ದರೆ ಲೇಪ ನಂಬಿ ಕೂಡುವ ಹೊತ್ತಲ್ಲ, ಡಾಕ್ಟರು ಅವತ್ತೇ ಬರಬೇಕು.

2022ರಲ್ಲಿ ಚರ್ಮಗಂಟು ರೋಗ ಹಾವೇರಿ, ಧಾರವಾಡ, ಗದಗ ಕಡೆ ಹಬ್ಬಿದಾಗ ಓಡಾಡಿದ ವೀಳ್ಯದೆಲೆ ಮದ್ದೂ ಇದೇ ಮೂಲದ್ದು. ಹತ್ತು ಎಲೆ, 10 ಗ್ರಾಂ ಕರಿಮೆಣಸು, 10 ಗ್ರಾಂ ಉಪ್ಪು ಅರೆದು ಬೆಲ್ಲ ಸೇರಿಸುವುದು. ಅದು ಒಂದು ಹೊತ್ತಿನ ಮದ್ದು, ಪ್ರತಿ ಸಲ ಹೊಸದಾಗಿ ಅರೆಯಬೇಕು. ಮೊದಲ ದಿನ ಮೂರು ತಾಸಿಗೊಮ್ಮೆ, ಮರುದಿನದಿಂದ ದಿನಕ್ಕೆ ಮೂರು ಸಲ, ಎರಡು ವಾರ. ಮೊಬೈಲಿನಲ್ಲಿ ತಿರುಗಿದ್ದು ಸಾಮಾನಿನ ಪಟ್ಟಿ ಮಾತ್ರ. "ಮೆಣಸು" ಅಂತಷ್ಟೇ ಬರೆದರೂ ತೊಂದರೆ ಇದೆ. ಬ್ಯಾಡಗಿಯ ಜಿಲ್ಲೆಯಲ್ಲಿ ಕೂತು ಅದನ್ನು ಓದುವವರಿಗೆ ಕಣ್ಣೆದುರು ಬರುವುದು ಕಪ್ಪೋ ಕೆಂಪೋ ಹೇಳಲಾಗುವುದಿಲ್ಲ. ಕರಿಮೆಣಸು ಅಂತ ಬಿಡಿಸಿಯೇ ಬರೆಯಿರಿ.

ಅಳತೆಯ ಶಬ್ದಗಳದ್ದು ಬೇರೆಯೇ ಪಂಚಾಯಿತಿ. ಹಿರಿಯರು ತೊಲೆ ಅಂದರೆ ಸುಮಾರು 11.7 ಗ್ರಾಂ, ಅದು ಸರಿ. ಸೇರು ಅಂದರೆ? ತೂಕದ ಸೇರು ಬೇರೆ, ಕಾಳು ಅಳೆಯುವ ಸೇರು ಬೇರೆ, ಊರಿಂದ ಊರಿಗೂ ಬೇರೆ. ಹಿರಿಯರಿಂದ ಕೇಳಿ ಬರೆಯುವಾಗ ಅವರು ಅಂದ ಶಬ್ದವನ್ನು ಹಾಗೇ ಇಟ್ಟು, ಅವರ ಕೈಯಿಂದಲೇ ಒಂದು ಹಿಡಿ ತೆಗೆಸಿ ತಕ್ಕಡಿಗೆ ಹಾಕಿ, ಪಕ್ಕದಲ್ಲಿ ಗ್ರಾಂ ಬರೆಯಿರಿ. ನಿಮ್ಮ ಅಂದಾಜಿನ ಗ್ರಾಂ ಹಾಕಿ ಅವರ ಹೆಸರು ಬರೆದರೆ ಅದು ಅವರ ಸಲಹೆ ಅಲ್ಲ, ನಿಮ್ಮ ತಪ್ಪಿಗೆ ಅವರ ಹೆಸರು.

ದನದ ಮೈಗೆ ಹತ್ತುವ ಉಣ್ಣೆಹುಳದ ಔಷಧದಲ್ಲಿ "ಲೀಟರಿಗೆ 2 ಎಂಎಲ್" ಅನ್ನುವುದು ಮಂತ್ರದ ಹಾಗೆ ಬಾಯಿಪಾಠ ಆಗಿದೆ. ದನಕ್ಕೆ ಅಂತಲೇ ಬರುವ ಡೆಲ್ಟಾಮೆಥ್ರಿನ್ ಶೇ 1.25ರದ್ದು, ಅದಕ್ಕೆ 2 ಎಂಎಲ್ ಸರಿ. ಹೊಲಕ್ಕೆ ಹೊಡೆಯುವ ಡೆಲ್ಟಾಮೆಥ್ರಿನ್ ಶೇ 2.8ರದ್ದೂ ಇದೆ, ಶೇ 11ರದ್ದೂ ಇದೆ. ಶೇ 11ರ ಬಾಟಲಿಯಿಂದ ಅದೇ 2 ಎಂಎಲ್ ಹಾಕಿದರೆ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಜೊಲ್ಲು, ನಡುಕ, ಬಿದ್ದ ದನ. ಸಲಹೆ ಕೊಟ್ಟವರು ಯಾವ ಬಾಟಲಿ ನೋಡಿ ಹೇಳಿದರೋ ಅದರ ಲೇಬಲ್ಲಿನ ಶೇಕಡಾ ಅಂಕಿ ಇಲ್ಲದೆ ಎಂಎಲ್ ಬರೆಯಲೇಬಾರದು. ಮುಚ್ಚಳದ ಲೆಕ್ಕವೂ ಬೇಡ, ಮುಚ್ಚಳಗಳೆಲ್ಲ ಒಂದೇ ಅಳತೆ ಅಲ್ಲ.

ದನದ ತೂಕವೂ ಹಾಗೆಯೇ. "ನಮ್ಮ ಆಕಳಿಗೆ 6 ಎಂಎಲ್ ಹಾಕಿದ್ರು" ಅಂದರೆ ಯಾವ ಆಕಳು? ಮನೆಯ ಜವಾರಿ ಆಕಳೋ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯೋ? ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ. ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಇನ್ನೊಮ್ಮೆ ಗುಣಿಸಿ 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 66, ಉದ್ದ 54 ಇದ್ದರೆ ಸುಮಾರು 356 ಕಿಲೋ. ಸಲಹೆಯ ಜೊತೆಗೆ ಈ ಅಂಕಿ ಹೋದರೆ ಓದಿದವರು ತಮ್ಮ ದನ ಅಳೆದು ಹೋಲಿಸಿಕೊಳ್ಳುತ್ತಾರೆ.

ಬೇರೆ ಸೀಮೆಯಿಂದ ಬಂದ ಸಲಹೆಗೆ ಸೀಮೆಯ ಹೆಸರು ಬೇಕೇ ಬೇಕು. ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ ಹಾನಗಲ್ ಕಡೆಗೆ ಹೊಂದುತ್ತದೆ, ಅಲ್ಲಿ ಭತ್ತದ ಹುಲ್ಲು ಇದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಹಾಳೆ ಮುಚ್ಚಿ 21 ದಿನ. ತಿನ್ನಿಸುವ ಮೊದಲು ಬೇಕಾದಷ್ಟೇ ಹಿರಿದು ಘಾಟು ಹೋಗುವ ತನಕ ಹರವಬೇಕು. ಆರು ತಿಂಗಳ ಒಳಗಿನ ಕರುವಿಗೆ ಇಲ್ಲ. "21 ದಿನ" ಬಿಟ್ಟುಹೋಗಿ ಚಿಮುಕಿಸಿದ ದಿನವೇ ಗ್ವಾದಲಿಗೆ ಹಾಕಿದರೆ ಅದು ಮೇವಲ್ಲ, ವಿಷ. ಯೂರಿಯಾ ಕರಗಿಸಿದ ಬಕೆಟ್ ದನಕ್ಕೆ ಎಟುಕಿದರೂ ಅದೇ ಗತಿ.

ಅದೇ ರೀತಿ ಗದಗ, ನರಗುಂದದ ಎರೆಹೊಲದವರ ಎಚ್ಚರಿಕೆ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮಳೆ ಕೈಕೊಟ್ಟು ಬಾಡಿ ಕುಳ್ಳಾದ ಎಳೆ ಜೋಳ, ಕೊಯ್ದ ಮೇಲೆ ಮಳೆಗೆ ಚಿಗುರಿದ ಕೂಳೆ ಜೋಳ ದನಕ್ಕೆ ಕೊಡಬಾರದು, ಅದರಲ್ಲಿ ಸಯನೈಡ್ ಹುಟ್ಟುವ ಅಂಶ ಹೆಚ್ಚು. ಹೂ ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ಒಣಗಿದ ಕಣಕಿಗೆ ಆ ಭಯ ಇಲ್ಲ. "ಹಸಿ ಜೋಳ ಹಾಕ್ರಿ, ಹಾಲು ಏರತೈತಿ" ಅನ್ನುವ ನೀರಾವರಿ ಸೀಮೆಯ ಮಾತಿಗೆ ಊರಿನ ಹೆಸರು ಇದ್ದಿದ್ದರೆ ಓದಿದವರು ಒಂದು ಗಳಿಗೆ ತಡೆಯುತ್ತಿದ್ದರು.

ಡಾಕ್ಟರ ಚೀಟಿಯ ಫೋಟೋ ಹಾಕುವುದನ್ನು ಮಾತ್ರ ನಿಲ್ಲಿಸಬೇಕು. ಆ ಚೀಟಿ ಒಂದು ದನಕ್ಕೆ, ಅದರ ಅವತ್ತಿನ ಜ್ವರಕ್ಕೆ, ಅದರ ಗಬ್ಬಕ್ಕೆ ಬರೆದದ್ದು. ಹಳೆಯ ಚೀಟಿಗಳಲ್ಲಿ ಡೈಕ್ಲೋಫೆನಾಕ್ ಇನ್ನೂ ಕಾಣುತ್ತದೆ. ರಣಹದ್ದುಗಳ ಸಾವಿಗೆ ಕಾರಣವಾಯಿತೆಂದು ಅದನ್ನು ದನಗಳಿಗೆ ಬಳಸುವುದಕ್ಕೆ 2006ರಲ್ಲೇ ತಡೆ ಬಿತ್ತು. ಪ್ರತಿಜೀವಕ ಕೊಟ್ಟ ಮೇಲೆ ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಅನ್ನುವುದನ್ನು ಡಾಕ್ಟರು ಬಾಯಿಂದ ಹೇಳಿರುತ್ತಾರೆ, ಫೋಟೋದಲ್ಲಿ ಅದು ಬರುವುದಿಲ್ಲ. "ಡಾಕ್ಟರ್ರ ಹೇಳ್ಯಾರ" ಅಂತ ಬರೆಯುವ ಮೊದಲು ಅವರನ್ನೇ "ಸರ್, ಇದನ್ನ ನಾಲ್ಕು ಮಂದಿಗೆ ಹೇಳಬಹುದೇನ್ರಿ?" ಅಂತ ಕೇಳಿದರೆ, ಯಾವುದು ಎಲ್ಲರಿಗೂ ಹೇಳುವಂಥದ್ದು, ಯಾವುದು ಅಲ್ಲ ಅಂತ ಅವರೇ ಬೇರ್ಪಡಿಸಿ ಕೊಡುತ್ತಾರೆ.

ನಾಟಿ ಮದ್ದು ಕೊಡುವ ಹಿರಿಯರಲ್ಲಿ ಕೆಲವರಿಗೆ ಹೆಸರು ಬರುವುದು ಬೇಡವಾಗಿರುತ್ತದೆ. ಹೆಸರು ಹೇಳಿದರೆ ಮದ್ದು ಹತ್ತುವುದಿಲ್ಲ ಅನ್ನುವ ನಂಬಿಕೆ ಒಂದು ಕಡೆ, ಹೊತ್ತಲ್ಲದ ಹೊತ್ತಿಗೆ ಬಾಗಿಲು ಬಡಿಯುತ್ತಾರೆ ಅನ್ನುವ ಕಾಟ ಇನ್ನೊಂದು ಕಡೆ. "ಹಾನಗಲ್ ಕಡೆಯ ಒಬ್ಬ ಹಿರಿಯರು, ಕೇಳಿದ್ದು ಈ ವರ್ಷದ ಕಾರಹುಣ್ಣಿವಿ ಹೊತ್ತಿಗೆ" ಅಂದರೂ ಸಾಕು, ಕಳಿಸಿದವರನ್ನು ಹಿಡಿದರೆ ಮೂಲ ಸಿಗುತ್ತದೆ. ಅವರ ಫೋನ್ ನಂಬರ್ ಹಾಕುವುದಂತೂ ಕೇಳದೆ ಮಾಡಬಾರದ ಕೆಲಸ. ಅವರು ಕೊಟ್ಟ ಮದ್ದಿಗೆ ನೀವು ಒಂದು ಸಾಮಾನು ಸೇರಿಸಿದ್ದರೆ "ಶುಂಠಿ ನಾನು ಸೇರಿಸಿದ್ದು" ಅಂತ ಬೇರೆ ಬರೆಯಿರಿ. ಗುಣವಾದರೂ ಕೆಟ್ಟರೂ ಯಾವುದರಿಂದ ಅಂತ ಆಮೇಲೆ ಹುಡುಕುವವರಿಗೆ ಅದು ಬೇಕು.

ತಪ್ಪು ಹೋಗಿಬಿಟ್ಟಾಗ ಹಳೆಯ ಮೆಸೇಜು ಅಳಿಸುವುದು ಬಹಳ ಜನರ ಉಪಾಯ. ನಿಮ್ಮ ಗುಂಪಿನಿಂದ ಅಳಿಸಿದ್ದು ಬೇರೆ ಹತ್ತು ಗುಂಪಿನಲ್ಲಿ ಹಾಗೇ ಇರುತ್ತದೆ. ಅಳಿಸುವುದರ ಜೊತೆಗೆ ತಪ್ಪಾದ ಅಂಕಿ, ಸರಿಯಾದ ಅಂಕಿ, ಆಗಲೇ ಮಾಡಿಬಿಟ್ಟವರು ಏನು ಮಾಡಬೇಕು, ಮೂರನ್ನೂ ಬರೆದ ಹೊಸ ಮೆಸೇಜು ಹೋಗಬೇಕು: "ನಿನ್ನೆ ಕೆಚ್ಚಲು ಬಾವಿನ ಲೇಪಕ್ಕ ಸುಣ್ಣ 150 ಗ್ರಾಂ ಅಂತ ಬರದಿದ್ದೆ, ತಪ್ಪು. 15 ಗ್ರಾಂ. ಹಚ್ಚಿದವರು ತಣ್ಣೀರಿಲೆ ಚೆನ್ನಾಗಿ ತೊಳೀರಿ, ಚರ್ಮ ಕೆಂಪಾಗಿದ್ರ ಡಾಕ್ಟರ್ರಿಗೆ ತೋರಸ್ರಿ. ನನ್ನ ಮೆಸೇಜು ಯಾರ‍್ಯಾರಿಗೆ ಕಳಿಸೀರೋ ಅವರಿಗೆಲ್ಲ ಇದನ್ನೂ ಕಳಸ್ರಿ." ಕೆಳಗೆ ಹೆಸರು, ಊರು, ತಾರೀಖು.