ತಂಗಿಯ ವೀಸಾದಲ್ಲಿದ್ದ ಆ ಒಂದು ಸಾಲು

ಕಳೆದ ಭಾನುವಾರ ನಮ್ಮ ಬೀದಿಯ ಒಬ್ಬರು ಮನೆಗೆ ಬಂದಿದ್ದರು. ಅವರ ಮಗ ಅಮೆರಿಕದಲ್ಲಿ ಜೆ-1 ವೀಸಾದಲ್ಲಿ, ಅಂದರೆ ಓದು-ಸಂಶೋಧನೆಯ ವಿನಿಮಯಕ್ಕೆ ಕೊಡುವ ವೀಸಾದಲ್ಲಿ, ಸಂಶೋಧನೆ ಮಾಡುತ್ತಿದ್ದಾನೆ. "ಮೇಡಂ, ತಂಗಿಗೆ ನೀವೇ ಓಡಾಡಿ ನೋರಿ ಮಾಡಿಸಿದ್ರಂತೆ. ನಮಗೂ ಸ್ವಲ್ಪ ಹೇಳಿಕೊಡಿ" ಅಂದರು. ನೋರಿ ಅಂದರೆ ಆ ವೀಸಾದ ಒಂದು ನಿಯಮದಿಂದ ವಿನಾಯಿತಿ ಕೇಳಲು ನಮ್ಮ ಸರ್ಕಾರದ ಕಚೇರಿಗಳಿಂದ ಪಡೆಯುವ ಪತ್ರ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ನನ್ನ ತಂಗಿ ಕಾರೆಕೆರೆ ಕೃಷಿ ಕಾಲೇಜಿನಲ್ಲಿ ಓದಿದವಳು. ಆಲೂಗೆಡ್ಡೆಯ ಅಂಗಮಾರಿ ಅಂದರೆ ಹಾಸನದಲ್ಲಿ ಯಾರಿಗೆ ಗೊತ್ತಿಲ್ಲ? ಅಪ್ಪನ ಎರಡು ಎಕರೆ ಎಷ್ಟೋ ಸಲ ಅದರಿಂದಲೇ ಕೈಬಿಟ್ಟಿದೆ. ಆ ರೋಗದ ಮೇಲೆ ಕೆಲಸ ಮಾಡಲೆಂದೇ ಅವಳು ಜೆ-1 ವೀಸಾದಲ್ಲಿ ಅಮೆರಿಕಕ್ಕೆ ಹೋದಳು. 2022ರಲ್ಲಿ ಅಲ್ಲೇ ಕಾಯಂ ಕೆಲಸ ಸಿಕ್ಕಿತು, ಅದಕ್ಕೆ ಎಚ್-1ಬಿ ಎಂಬ ಉದ್ಯೋಗ ವೀಸಾ ಬೇಕಾಯಿತು. ಆಗ ಹಳೇ ಜೆ-1 ವೀಸಾದ ಮೇಲಿನ ಸಾಲು ಅಡ್ಡ ಬಂತು: ಅಮೆರಿಕದ ವಲಸೆ ಕಾನೂನಿನ 212(ಇ), ಎರಡು ವರ್ಷದ ನಿಯಮ. ಒಟ್ಟು ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಇಲ್ಲದಿದ್ದರೆ ಎಚ್-1ಬಿಯೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ಬೇಡ ಅಂದರೆ ವಿನಾಯಿತಿ ಕೇಳಬೇಕು.

ಅವಳು ಆನ್‌ಲೈನಲ್ಲಿ ವಿನಾಯಿತಿಯ ಅರ್ಜಿ ಡಿಎಸ್-3035 ತುಂಬಿದಳು, 120 ಡಾಲರ್ ಕಟ್ಟಿದಳು. ಉಳಿದ ಓಡಾಟ ನನ್ನದು. ಪಾಸ್‌ಪೋರ್ಟ್ ಕಚೇರಿ, ದೆಹಲಿಯ ಶಿಕ್ಷಣ ಸಚಿವಾಲಯ, ನಮ್ಮ ರಾಜ್ಯದ ಗೃಹ ಇಲಾಖೆ, ಮೂರೂ ಕಡೆಯಿಂದ ನೋರಿ ಪತ್ರ ಬರಬೇಕು. ಅದಾದ ಮೇಲೆ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಮೆರಿಕದ ವಿದೇಶಾಂಗ ಇಲಾಖೆಗೆ "ನಮ್ಮ ಆಕ್ಷೇಪಣೆ ಇಲ್ಲ" ಎಂದು ಬರೆಯುತ್ತದೆ.

ವಿಚಾರಣೆಗೆ ಪೊಲೀಸರು ಮನೆಗೆ ಬಂದ ದಿನ ಅಮ್ಮ ಹೆದರಿಬಿಟ್ಟಳು. ಅವರು ಹೋದ ಮೇಲೆ ಕಾಗದ ಓದಿ ಹೇಳು ಅಂದಳು. ನೋರಿ ಅಂದರೆ ಭಾರತಕ್ಕೆ ಹಿಂತಿರುಗುವ ಬಾಧ್ಯತೆ ಇಲ್ಲ ಅಂತ. ಅದನ್ನು ಕನ್ನಡದಲ್ಲಿ ಹೇಳಿದ ತಕ್ಷಣ ಅಮ್ಮ ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾದ್ರೆ ಅವ್ಳು ಇನ್ನು ಬರಲ್ವಾ?" ಅಂದಳು. "ಬರ್ತಾಳಮ್ಮ, ಬರಲೇಬೇಕು ಅಂತ ಸರ್ಕಾರ ಕಟ್ಟುಪಾಡು ಹಾಕಲ್ಲ ಅಷ್ಟೇ" ಅಂದೆ. ಅಮ್ಮನಿಗೆ ಸಮಾಧಾನ ಆಗಲಿಲ್ಲ. ನನಗೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಒಂದು ಕಚೇರಿಯಲ್ಲಿ ಫೈಲೇ ಕಳೆದುಹೋಯಿತು. ಬೆಂಗಳೂರಿಗೆ ಮತ್ತೆ ಬೆಳಗಿನ ಮೊದಲ ಬಸ್ಸು, ಮತ್ತೆ ರಜೆ. ಜೆರಾಕ್ಸ್ ಮತ್ತು ಇನ್‌ವರ್ಡ್ ನಂಬರ್ ಇಟ್ಟುಕೊಂಡಿದ್ದಕ್ಕೆ ಬಚಾವಾದೆ. ನೀವೂ ಇಟ್ಟುಕೊಳ್ಳಿ.

ಆದರೆ ಓಡಾಟ ಶುರು ಮಾಡುವ ಮುಂಚೆ ಇದನ್ನು ನೋಡಿ. ಈ ನಿಯಮ ಬೀಳುವುದು ಮೂರು ಕಾರಣಕ್ಕೆ. ಸರ್ಕಾರದ ಹಣದಲ್ಲಿ ಹೋಗಿರಬೇಕು, ಇಲ್ಲಾ ಅಲ್ಲಿ ವೈದ್ಯಕೀಯ ತರಬೇತಿ ಮಾಡುತ್ತಿರಬೇಕು, ಇಲ್ಲಾ ನಿಮ್ಮ ವಿಷಯ ಕೌಶಲ್ಯ ಪಟ್ಟಿಯಲ್ಲಿರಬೇಕು, ಅಂದರೆ ಯಾವ ದೇಶಕ್ಕೆ ಯಾವ ಪರಿಣತಿ ಬೇಕು ಅಂತ ಅಮೆರಿಕ ಮಾಡಿಟ್ಟ ಪಟ್ಟಿಯಲ್ಲಿ. ತಂಗಿಗೆ ಬಿದ್ದದ್ದು ಮೂರನೆಯದು. 2024ರ ಡಿಸೆಂಬರ್ 9ರಂದು ಅಮೆರಿಕ ಆ ಪಟ್ಟಿಯಿಂದ ಭಾರತವನ್ನು ತೆಗೆದಿದೆ. ಮುಂಚೆ ಹೋದವರಿಗೂ ಅದು ಅನ್ವಯಿಸುತ್ತದೆ. ಪಟ್ಟಿಯೊಂದೇ ಕಾರಣವಾಗಿದ್ದರೆ ಈ ಅಲೆದಾಟ ಬೇಕಿಲ್ಲ. ಫುಲ್‌ಬ್ರೈಟ್‌ನಂಥ ಸರ್ಕಾರಿ ಹಣ ಪಡೆದವರಿಗೆ, ರೆಸಿಡೆನ್ಸಿ ಮಾಡುವ ಡಾಕ್ಟರುಗಳಿಗೆ ಮಾತ್ರ ನಿಯಮ ಹಾಗೇ ಇದೆ. ಆ ಡಾಕ್ಟರುಗಳಿಗೆ ಆಕ್ಷೇಪಣೆ ಇಲ್ಲ ಎಂಬ ಪತ್ರ ನಡೆಯುವುದೇ ಇಲ್ಲ, ಅವರ ದಾರಿ ಬೇರೆ.

ಇದನ್ನು ಕೇಳಿ, ಮನೆಗೆ ಬಂದಿದ್ದವರು ಅಲ್ಲೇ ಕೂತು ಮಗನಿಗೆ ಫೋನ್ ಮಾಡಿದರು. ಅವನು ಜೆ-1ಗೆ ಕೊಡುವ ಡಿಎಸ್-2019 ಎಂಬ ಕಾಗದದ ಫೋಟೋ ಕಳಿಸಿದ. ಸರ್ಕಾರದ ಹಣ ಅಂತ ಎಲ್ಲೂ ಇರಲಿಲ್ಲ. ವೀಸಾದ ಮೇಲೆ ಸಾಲು ಇನ್ನೂ ಹಾಗೇ ಇರುವುದರಿಂದ, ನಿಯಮ ನಿನಗೆ ಅನ್ವಯಿಸುತ್ತದೋ ಇಲ್ಲವೋ ಅಂತ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಅಡ್ವೈಸರಿ ಒಪಿನಿಯನ್ (ಅಭಿಪ್ರಾಯ ಪತ್ರ) ತರಿಸಿಕೋ ಅಂತ ಅವನಿಗೆ ಹೇಳಿದೆ. ಅಮ್ಮ ಒಳಗಿಂದ ಕಾಫಿ ತಂದುಕೊಟ್ಟು, "ನಿಮ್ಮ ಹುಡುಗ ಊರಿಗೆ ಯಾವಾಗ ಬರ್ತಾನೆ?" ಅಂತ ಅವರನ್ನು ಕೇಳಿದಳು.